ಮಯೂರನ ಮುಖ: ಅಭಿಮಾನಿ ಚಿತ್ರಗಳ ಪಠ್ಯಸ್ವರೂಪ

ಮೆಚ್ಚಿನ ಐತಿಹಾಸಿಕ ಚಲನಚಿತ್ರದಿಂದ ಒಂದು ದೃಶ್ಯವನ್ನು ಆಯ್ದು, ಮುಖವಷ್ಟೇ ಉಳಿಯುವಂತೆ ಕತ್ತರಿಸಿ, ಬಣ್ಣ ತಿದ್ದಿ, ಮೇಲೊಂದು ಮಾತು ಬರೆದು ಹಂಚುವುದು ಅಭಿಮಾನಿ ಸಮುದಾಯಗಳಲ್ಲಿ ನೆಲೆಗೊಂಡ ರೂಢಿ. ವಾಟ್ಸ್‌ಆ್ಯಪ್‌ನ ಸಣ್ಣ ವೃತ್ತದಲ್ಲಿ ಕೂರುವ ಈ ಚಿತ್ರವನ್ನು ಜನ ‘ಡಿಪಿ’ ಎಂದೇ ಕರೆಯುತ್ತಾರೆ. ಕನ್ನಡದಲ್ಲಿ ಈ ರೂಢಿಗೆ ಒದಗಿಬಂದ ಮುಖಗಳಲ್ಲಿ ‘ಮಯೂರ’ (೧೯೭೫) ಚಿತ್ರದ ರಾಜ್‌ಕುಮಾರ್ ಅವರದು ಒಂದು. ರಾಜ್ಯೋತ್ಸವದ ಸಂದರ್ಭದಲ್ಲಿ ಅದು ಹಳದಿ-ಕೆಂಪು ಹಿನ್ನೆಲೆಯೊಡನೆ ಮರಳಿ ಕಾಣಿಸಿಕೊಳ್ಳುತ್ತದೆ. ಸಂಶೋಧಕರ ದೃಷ್ಟಿಗೆ ಕ್ಷುಲ್ಲಕವೆನಿಸಬಹುದಾದ ಈ ಚಿತ್ರಗಳನ್ನು ಪಠ್ಯಗಳೆಂದು ಓದುವ ಅಗತ್ಯವಿದೆ.

ಕದಂಬ ವಂಶದ ಮೂಲಪುರುಷ ಮಯೂರಶರ್ಮನ ಸಮಕಾಲೀನ ರೂಪಚಿತ್ರ ಯಾವುದೂ ಉಳಿದಿಲ್ಲ. ಅವನ ಕಥೆಯನ್ನು ವಿಸ್ತಾರವಾಗಿ ಹೇಳುವ ತಾಳಗುಂದದ ಸ್ತಂಭಶಾಸನವು ಶಾಂತಿವರ್ಮನ ಕಾಲದ್ದು, ಕವಿ ಕುಬ್ಜನ ರಚನೆ; ಅಂದರೆ ಮಯೂರನ ಕಾಲಕ್ಕಿಂತ ಸುಮಾರು ಒಂದು ಶತಮಾನ ಈಚಿನದು. ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ವಿದ್ಯಾರ್ಥಿ, ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ಕೆರಳಿ ಶಸ್ತ್ರ ಹಿಡಿದ ಪ್ರಸಂಗ ಅಲ್ಲಿದೆ. ಆದರೆ ಕುಬ್ಜನು ಆ ಘಳಿಗೆಯಲ್ಲಿ ಕಾಣಿಸುವುದು ಮಯೂರನ ಮುಖವನ್ನಲ್ಲ, ಕೈಯನ್ನು. ದರ್ಭೆ ಸಮಿತ್ತುಗಳನ್ನು ಹಿಡಿಯುತ್ತಿದ್ದ ಕೈ ಕತ್ತಿಯನ್ನು ಹಿರಿದದ್ದೇ ಅವನ ಕಾವ್ಯದ ತಿರುವು.

ತಾಳಗುಂದಕ್ಕೆ ದೂರವಲ್ಲದ ಹಾನಗಲ್ಲಿನಲ್ಲಿ, ಶಾಸನಗಳ ಪಾನುಂಗಲ್ಲಿನಲ್ಲಿ, ಶತಮಾನಗಳ ಬಳಿಕ ಆಳಿದ ಕದಂಬ ಶಾಖೆಯೂ ಮಯೂರನನ್ನು ತನ್ನ ಮೂಲಪುರುಷನೆಂದು ಕೊಂಡಾಡಿತು. ಕಲ್ಯಾಣ ಚಾಲುಕ್ಯರ ಮಾಂಡಲಿಕರಾಗಿದ್ದ ಈ ಅರಸರಿಗೆ ಪ್ರಾಚೀನ ವಂಶದ ಹಿರಿಮೆ ಬೇಕಾಗಿತ್ತು. ಈ ಉತ್ತರಕಾಲೀನ ಕದಂಬರ ಶಾಸನಗಳಲ್ಲಿ ಮೂಲಪುರುಷನು ಶಿವಾಂಶ ಪಡೆದು ಪುರಾಣಪುರುಷನಾಗುತ್ತಾನೆ. ಸಿಂಹಲಾಂಛನ, ವಾನರಧ್ವಜ, ಬನವಾಸಿ ಪುರವರಾಧೀಶ್ವರನೆಂಬ ಬಿರುದು ಇವು ವಂಶದ ಗುರುತುಗಳಾಗುತ್ತವೆ. ಹಳೆಯ ಕಥೆಯಿಂದ ತಮಗೆ ಬೇಕಾದುದನ್ನು ಆಯ್ದು, ಹಿರಿದುಮಾಡಿ, ಗುರುತಾಗಿ ಧರಿಸುವ ಕ್ರಮ ಇಂದಿನದಲ್ಲ ಎಂಬುದಕ್ಕೆ ಇದು ನಿದರ್ಶನ.

ಇಪ್ಪತ್ತನೆಯ ಶತಮಾನದಲ್ಲಿ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಈ ಕಥೆಗೆ ಹೊಸ ಓದುಗರನ್ನು ಒದಗಿಸಿತು. ಅದನ್ನು ಆಧರಿಸಿ ವಿಜಯ್ ನಿರ್ದೇಶಿಸಿದ ಚಲನಚಿತ್ರವು ಮಯೂರನಿಗೆ ಮುಖವನ್ನೇ ಕೊಟ್ಟಿತು. ಅಭಿಮಾನಿ ಆ ಮುಖವನ್ನು ಮತ್ತಷ್ಟು ಸಂಕ್ಷೇಪಿಸುತ್ತಾನೆ. ಬೆರಳಗಲದ ವೃತ್ತದಲ್ಲಿ ಸೈನ್ಯ, ಅರಮನೆ, ಎದುರಾಳಿ ಯಾರೂ ಹಿಡಿಸರು. ಆದ್ದರಿಂದ ಕಿರೀಟ, ಕಣ್ಣು, ಮೀಸೆಗಳೇ ಇಡೀ ಕಥೆಯನ್ನು ಹೊರಬೇಕು. ಈ ಕತ್ತರಿಕೆಯಲ್ಲಿ ಮೊದಲು ಕಳೆದುಹೋಗುವುದು ಕುಬ್ಜನಿಗೆ ಮುಖ್ಯವಾಗಿದ್ದ ಕೈ. ಕೈಯೊಡನೆ ಕಂಚಿಗೆ ಓದಲು ಹೋದ ವಿದ್ಯಾರ್ಥಿಯೂ ಮರೆಯಾಗುತ್ತಾನೆ. ಶರ್ಮ ವರ್ಮನಾದ ಕಥೆಯಲ್ಲಿ ವರ್ಮ ಮಾತ್ರ ಉಳಿಯುತ್ತಾನೆ.

ಹಂಚಿಕೆಯಲ್ಲಿ ಇನ್ನೊಂದು ನಷ್ಟವೂ ಇದೆ. ಚಿತ್ರ ತಯಾರಿಸಿದವನು ಮೂಲೆಯಲ್ಲಿ ಬರೆದುಕೊಂಡ ಹೆಸರು ಮುಂದಿನವನ ಕತ್ತರಿಕೆಯಲ್ಲಿ ಅಳಿಯುತ್ತದೆ. ಹೆಸರಿಲ್ಲದ ಚಿತ್ರ ಕೈಯಿಂದ ಕೈಗೆ ದಾಟುತ್ತ ಬಣ್ಣ, ಬರಹ, ಆಶಯಗಳಲ್ಲಿ ಬದಲಾಗುತ್ತದೆ. ಲಿಪಿಕಾರರ ಕೈಯಲ್ಲಿ ಓಲೆಗರಿಯ ಕೃತಿಗಳು ಪಾಠಾಂತರ ಹೊಂದಿದ ಬಗೆಯನ್ನು ಬಲ್ಲ ಕನ್ನಡ ವಿದ್ವತ್ತಿಗೆ ಇದು ಅಪರಿಚಿತ ಪ್ರಕ್ರಿಯೆಯಲ್ಲ. ಮೂಲದೃಶ್ಯ, ಸೇರ್ಪಡೆ, ಲೋಪ, ಹಂಚಿದ ಸಂದರ್ಭ ಮತ್ತು ದಿನಾಂಕ ಇವನ್ನು ದಾಖಲಿಸಿದರೆ ಈ ಚಿತ್ರಗಳಿಗೂ ಗ್ರಂಥಸಂಪಾದನೆಯ ಶಿಸ್ತನ್ನು ಅನ್ವಯಿಸಬಹುದು. ಹಳೆಯ ಫೋನು ಕೆಟ್ಟಾಗ ಚಿತ್ರಗಳೂ ಅಳಿಯುವುದರಿಂದ ಈ ಕೆಲಸ ವಿಳಂಬಕ್ಕೆ ಅವಕಾಶ ಕೊಡದು.

ಈ ಚಿತ್ರಗಳು ನಾಲ್ಕನೆಯ ಶತಮಾನದ ಮಯೂರನಿಗೆ ಆಧಾರವಾಗಲಾರವು. ಪಠ್ಯಪುಸ್ತಕದಲ್ಲೋ ಶಾಲೆಯ ಗೋಡೆಯ ಮೇಲೋ ಅವು ಆ ಅರಸನ ನಿಜರೂಪವೆಂಬಂತೆ ನಿಂತರೆ ಚರಿತ್ರೆಗೆ ಅಪಚಾರವಾಗುತ್ತದೆ. ಆದರೆ ಅವನನ್ನು ಇಂದಿನ ಕನ್ನಡಿಗರು ಯಾವ ಕಾರಣಕ್ಕೆ, ಯಾವ ರೂಪದಲ್ಲಿ ತಮ್ಮವನನ್ನಾಗಿ ಮಾಡಿಕೊಂಡಿದ್ದಾರೆ ಎಂಬುದಕ್ಕೆ ಅವು ಮೌಲಿಕ ಆಕರಗಳು. ಪಾನುಂಗಲ್ಲಿನ ಅರಸರ ಪ್ರಶಸ್ತಿಗಳನ್ನು ಅವರ ಕಾಲದ ಹಂಬಲಗಳ ದಾಖಲೆಯಾಗಿ ಓದುವ ಸಂಶೋಧನೆ, ಅದೇ ನ್ಯಾಯವನ್ನು ಇವಕ್ಕೂ ಸಲ್ಲಿಸಬೇಕಾಗಿದೆ.