ಕಾಲೇಜು ಕ್ರೀಡಾ ತಂಡಗಳ ಕೂಟ ಬದಲಾವಣೆ

ಕಾಲೇಜು ಕ್ರೀಡಾ ತಂಡಗಳ ಕೂಟ ಬದಲಾವಣೆ ಎಂದರೆ ಒಂದು ಶಿಕ್ಷಣ ಸಂಸ್ಥೆಯ ತಂಡಗಳು ತಾವು ನಿಯತವಾಗಿ ಸ್ಪರ್ಧಿಸುವ ಸಂಸ್ಥೆಗಳ ಗುಂಪನ್ನು ಬಿಟ್ಟು ಮತ್ತೊಂದು ಗುಂಪನ್ನು ಸೇರುವುದು. ಅಮೆರಿಕದಲ್ಲಿ ಇಂತಹ ಗುಂಪುಗಳಿಗೆ ಕಾನ್ಫರೆನ್ಸ್ ಎಂದು ಹೆಸರು. ಕರ್ನಾಟಕದಲ್ಲಿ ಕಾನ್ಫರೆನ್ಸ್‌ಗಳಿಲ್ಲ, ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದೆಯೋ ಆ ವಿಶ್ವವಿದ್ಯಾಲಯದ ಅಂತರ ಕಾಲೇಜು ಕ್ರೀಡಾಕೂಟವೇ ಅದರ ಕಣ. ಆದುದರಿಂದ ಇಲ್ಲಿ ಸಂಯೋಜನೆ ಬದಲಾದಾಗ ಮಾತ್ರ ಕೂಟವೂ ಬದಲಾಗುತ್ತದೆ.

ವ್ಯವಸ್ಥೆ

ಅಂತರ ಕಾಲೇಜು ಕೂಟಗಳಲ್ಲಿ ಗಮನ ಸೆಳೆದವರಿಂದ ವಿಶ್ವವಿದ್ಯಾಲಯದ ತಂಡವನ್ನು ಆರಿಸಲಾಗುತ್ತದೆ. ಆ ತಂಡವು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯದ ಪಂದ್ಯಾವಳಿಯಲ್ಲಿ ಆಡುತ್ತದೆ. ಒಂದು ವಿಶ್ವವಿದ್ಯಾಲಯಕ್ಕೆ ಒಂದು ಕ್ರೀಡೆಯಲ್ಲಿ ಪುರುಷರ ಹಾಗೂ ಮಹಿಳೆಯರ ತಲಾ ಒಂದೇ ತಂಡ. ನೂರಾರು ಕಾಲೇಜುಗಳಿರುವ ವಿಶ್ವವಿದ್ಯಾಲಯದಲ್ಲಿ ಕಬಡ್ಡಿ ತಂಡದ ಹನ್ನೆರಡು ಸ್ಥಾನಗಳಿಗೆ ಎಷ್ಟು ಪೈಪೋಟಿ ಇರುತ್ತದೆಂಬುದನ್ನು ಊಹಿಸಬಹುದು.

ಈ ಸ್ಥಾನದ ಬೆಲೆ ಆಟಕ್ಕಷ್ಟೇ ಸೀಮಿತವಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಅರ್ಹತೆ ನೀಡುವ ಅಂಶಗಳಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದ್ದೂ ಒಂದು. ಕಾಲೇಜನ್ನು ಮಾತ್ರ ಪ್ರತಿನಿಧಿಸಿದವರಿಗೆ ಆ ಅರ್ಹತೆ ದೊರೆಯದು. ಕೂಟ ಬದಲಾವಣೆಯ ಚರ್ಚೆಯಲ್ಲಿ ಬಹುಮುಖ್ಯವಾದ, ಆದರೆ ಹೆಚ್ಚಾಗಿ ಮರೆತುಹೋಗುವ ಸಂಗತಿಯಿದು.

ಕರ್ನಾಟಕದಲ್ಲಿ ಬದಲಾವಣೆಗಳು

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಅಧೀನದಲ್ಲಿದ್ದ ಬೆಂಗಳೂರಿನ ಕಾಲೇಜುಗಳು 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಪ್ರತ್ಯೇಕವಾದವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೇ ಮೂರಾಗಿ, ನಗರದ ಪೂರ್ವಭಾಗದ ಹಲವು ಪದವಿ ಕಾಲೇಜುಗಳು ಕೋಲಾರದಲ್ಲಿ ಕೇಂದ್ರವುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು.

ಇದರ ಪರಿಣಾಮವಾಗಿ ಪಟ್ಟಂದೂರು ಅಗ್ರಹಾರದ ಒಂದೇ ಬೀದಿಯಲ್ಲಿ ವಾಸಿಸುವ ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಪದವಿ ಕಾಲೇಜಿನವರು, ಇನ್ನೊಬ್ಬರು ಎಂಜಿನಿಯರಿಂಗ್‌ನವರು, ತಮ್ಮ ಕಾಲೇಜುಗಳ ಪರವಾಗಿ ಒಂದೇ ಕೂಟದಲ್ಲಿ ಎದುರಾಗುವುದಿಲ್ಲ. ನೇರಳೆ ಮಾರ್ಗದ ಮೆಟ್ರೊದಲ್ಲಿ ಜ್ಞಾನಭಾರತಿಗೆ ಹೋಗಬಹುದಾದರೂ, ಉತ್ತರ ವಿಶ್ವವಿದ್ಯಾಲಯದ ಕೋಲಾರಕ್ಕೆ ಮೆಟ್ರೊ ಇಲ್ಲ.

ಮೇಲಿನವು ಸರ್ಕಾರದ ತೀರ್ಮಾನಗಳು. ಕಾಲೇಜು ತಾನೇ ವಿಶ್ವವಿದ್ಯಾಲಯವಾಗುವುದು ಇನ್ನೊಂದು ಬಗೆ. ಕ್ರೈಸ್ಟ್ ಕಾಲೇಜು 2008ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಸೇಂಟ್ ಜೋಸೆಫ್ಸ್ 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಕೇವಲ ಸ್ವಾಯತ್ತ ಸ್ಥಾನಮಾನ ಪಡೆದ ಕಾಲೇಜು ಸಂಯೋಜಿತವಾಗಿಯೇ ಉಳಿಯುವುದರಿಂದ ಅದರ ಕೂಟ ಬದಲಾಗುವುದಿಲ್ಲ.

ಪರ ಮತ್ತು ವಿರೋಧ

ವಿಶ್ವವಿದ್ಯಾಲಯವಾದ ಕಾಲೇಜಿನ ತಂಡವು ದಕ್ಷಿಣ ವಲಯಕ್ಕೆ ನೇರವಾಗಿ ಪ್ರವೇಶಿಸುತ್ತದೆ. ಹಿಂದೆ ಒಬ್ಬಿಬ್ಬರಿಗೆ ಸಿಗುತ್ತಿದ್ದ ಪ್ರಾತಿನಿಧ್ಯ ಇಡೀ ತಂಡಕ್ಕೆ ದೊರೆಯುತ್ತದೆ. ಕ್ರೀಡಾ ವಿದ್ಯಾರ್ಥಿವೇತನ ನೀಡಬಲ್ಲ ಸಂಸ್ಥೆಗೆ ಇದು ಹೆಚ್ಚು ಅನುಕೂಲಕರ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯವು 20 ಚಿನ್ನದ ಪದಕಗಳೊಂದಿಗೆ ಅಗ್ರಸ್ಥಾನ ಪಡೆಯಿತು.

ನಷ್ಟವೂ ಉಂಟು. ಅಂತರ ಕಾಲೇಜು ಕೂಟದ ಮನೆಹತ್ತಿರದ ಪಂದ್ಯಗಳು ತಪ್ಪುತ್ತವೆ. ವಲಯದ ಪಂದ್ಯಾವಳಿ ತಮಿಳುನಾಡಿನಲ್ಲೋ ಕೇರಳದಲ್ಲೋ ನಡೆದರೆ, ನಾಕೌಟ್‌ನ ಮೊದಲ ಪಂದ್ಯದಲ್ಲೇ ಸೋತ ತಂಡ ಅಂದೇ ರೈಲು ಹತ್ತಬೇಕಾಗುತ್ತದೆ. ಬಲಿಷ್ಠ ಕಾಲೇಜುಗಳು ಹೊರನಡೆದಾಗ ಉಳಿದ ಕಾಲೇಜುಗಳ ಆಟಗಾರರಿಗೆ ಮಾತೃ ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನ ಸುಲಭವಾಗುತ್ತದೆ, ಆದರೆ ಆ ತಂಡದ ಶಕ್ತಿ ಕುಂದುತ್ತದೆ. ದೈಹಿಕ ಶಿಕ್ಷಣ ನಿರ್ದೇಶಕರೂ ಮೈದಾನವೂ ಇಲ್ಲದ ಕಾಲೇಜಿಗೆ ಕೂಟ ಯಾವುದಾದರೂ ಹೆಚ್ಚಿನ ವ್ಯತ್ಯಾಸವಾಗದು.

ಅಮೆರಿಕದ ಉದಾಹರಣೆ

ಅಮೆರಿಕದಲ್ಲಿ ಬದಲಾವಣೆಯ ಮುಖ್ಯ ಪ್ರೇರಣೆ ದೂರದರ್ಶನ ಪ್ರಸಾರದ ಹಣ. 2022ರಲ್ಲಿ ಯುಸಿಎಲ್ಎ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಪ್ಯಾಕ್-12 ತೊರೆದು ಬಿಗ್ ಟೆನ್ ಸೇರುವುದಾಗಿ ಪ್ರಕಟಿಸಿದವು. ಮತ್ತೆ ಎಂಟು ಸದಸ್ಯರು ಹೊರನಡೆದು, 2024ರಲ್ಲಿ ಪ್ಯಾಕ್-12ರಲ್ಲಿ ಉಳಿದದ್ದು ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ. ಯುಸಿಎಲ್ಎ ಹೊರಹೋದುದರಿಂದ ತನ್ನದೇ ಬರ್ಕ್ಲಿ ಶಾಖೆಗೆ ಆದ ನಷ್ಟಕ್ಕಾಗಿ, ಯುಸಿಎಲ್ಎ ವರ್ಷಕ್ಕೆ 1 ಕೋಟಿ ಡಾಲರ್ ನೀಡಬೇಕೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2024ರಲ್ಲಿ ನಿರ್ಧರಿಸಿತು.