ಮೊಳೆ ಹಿಡಿಯದ ಗೊರಸಿಗೆ ಏನು ಮಾಡೋದು?

"ಸರ್, ಮೊಳಿ ಬಡದ್ರ ಕುದರಿಗೆ ನೋಯಂಗಿಲ್ಲೇನ್ರಿ?"

ಉಗುರು, ಕೂದಲು, ಕೊಂಬು ಎಲ್ಲವೂ ಕೆರಾಟಿನ್ ಎಂಬ ಒಂದೇ ಪ್ರೋಟೀನಿನಿಂದ ಆದವು ಅಂತ ವರ್ಗದಲ್ಲಿ ಹೇಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಎತ್ತಿಗೂ ಕುದುರೆಗೂ ಲಾಳ ಬಡಿಯುವುದನ್ನು ಕಂಡ ಮಕ್ಕಳು ಇನ್ನೂ ಇದ್ದಾರೆ. ಅಕಲೂಜದ ಕುದುರೆ ಬಾಜಾರ ನೋಡಿ ಬಂದವರೂ ಒಬ್ಬಿಬ್ಬರು ಸಿಗುತ್ತಾರೆ. ಉತ್ತರ ಸರಳ: ಗೊರಸಿನ ಹೊರಗೋಡೆಯಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ. ಉಗುರು ಕತ್ತರಿಸಿದಾಗ ನಮಗೆ ನೋಯದ ಹಾಗೆ, ಸರಿಯಾದ ಜಾಗದಲ್ಲಿ ಹೋದ ಮೊಳೆ ಕುದುರೆಗೆ ನೋಯೋದಿಲ್ಲ. ಆದರೆ ಗೋಡೆಯೇ ಗಟ್ಟಿ ಇಲ್ಲದ ಕುದುರೆಗೆ ಏನು ಮಾಡಬೇಕು? ಅಲ್ಲಿ ವಿಜ್ಞಾನದ ಮೂರ್ನಾಲ್ಕು ಪಾಠಗಳು ಒಟ್ಟಿಗೆ ಕೂಡುತ್ತವೆ.

ಕುದುರೆಯ ಕಾಲೆತ್ತಿ ತಳ ನೋಡಿದರೆ ಸುತ್ತಲೂ ದಪ್ಪ ಗೋಡೆ, ಅದರ ಒಳಗೆ ಒಂದು ತಿಳಿ ಬಣ್ಣದ ಗೆರೆ, ನಡುವೆ ತಳ, ಹಿಂಭಾಗದಲ್ಲಿ ತ್ರಿಕೋನಾಕಾರದ ಮೆತ್ತನೆಯ ಭಾಗ ಕಾಣುತ್ತದೆ. ಈ ತ್ರಿಕೋನಕ್ಕೆ ಇಂಗ್ಲಿಷಿನಲ್ಲಿ 'ಫ್ರಾಗ್' ಅಂತಾರೆ. ಕಪ್ಪೆಗೂ ಅದಕ್ಕೂ ಯಾವ ಹೋಲಿಕೆಯೂ ನನಗಂತೂ ಕಂಡಿಲ್ಲ. ನಾಲಬಂದ ಮೊಳೆಯನ್ನು ಆ ಬಿಳಿ ಗೆರೆಯಲ್ಲಿ ಇಟ್ಟು, ಓರೆಯಾಗಿ ಹೊರಮುಖಕ್ಕೆ ಬಡಿಯುತ್ತಾನೆ. ತುದಿ ಸುಮಾರು 2 ಸೆಂಟಿಮೀಟರ್ ಮೇಲೆ ಗೋಡೆಯಿಂದ ಹೊರಬರುತ್ತದೆ, ಅದನ್ನು ಕತ್ತರಿಸಿ ಮಡಚುತ್ತಾನೆ. ಗೆರೆಯಿಂದ ಒಳಕ್ಕೆ ಸರಿದರೆ ಜೀವಂತ ಅಂಗಾಂಶಕ್ಕೆ ತಾಗಿ ಕುದುರೆ ಕುಂಟುತ್ತದೆ. ಮೊಳೆಗಳನ್ನು ಗೊರಸಿನ ಮುಂಭಾಗದಲ್ಲೇ ಹೊಡೆಯುವುದಕ್ಕೂ ಕಾರಣವಿದೆ. ಭಾರ ಬಿದ್ದಾಗ ಹಿಮ್ಮಡಿ ಭಾಗ ಸ್ವಲ್ಪ ಅಗಲವಾಗಬೇಕು, ಅಲ್ಲಿ ಮೊಳೆ ಬಿಗಿದರೆ ಆ ಚಲನೆ ನಿಲ್ಲುತ್ತದೆ.

ಈಗ ಒಂದು ಲೆಕ್ಕ. ಗೊರಸು ತಿಂಗಳಿಗೆ ಸುಮಾರು 6ರಿಂದ 9 ಮಿಲಿಮೀಟರ್ ಬೆಳೆಯುತ್ತದೆ. ಆರು ವಾರಕ್ಕೊಮ್ಮೆ ಲಾಳ ಬದಲಿಸಿದರೆ ಅಷ್ಟರಲ್ಲಿ ಬೆಳೆದದ್ದು ಒಂದು ಸೆಂಟಿಮೀಟರ್ ಆಸುಪಾಸು. ಹಳೆಯ ತೂತು ಇನ್ನೂ ಪೂರ್ತಿ ಕೆಳಗಿಳಿದಿಲ್ಲ, ಆಗಲೇ ಅದರ ಪಕ್ಕದಲ್ಲಿ ಹೊಸ ತೂತು. ಗಟ್ಟಿ ಗೋಡೆ ಇದನ್ನು ತಡೆದುಕೊಳ್ಳುತ್ತದೆ. ತೆಳು ಗೋಡೆಯಲ್ಲಿ, ಅಥವಾ ಬೇಸಿಗೆಯಲ್ಲಿ ಒಣಗಿ ಮಳೆಯಲ್ಲಿ ನೆನೆದು ಬಿರುಕು ಬಿಟ್ಟ ಗೋಡೆಯಲ್ಲಿ, ತೂತುಗಳು ಕೂಡಿಕೊಂಡು ಅಂಚೆಚೀಟಿಯ ಅಂಚಿನಂತೆ ಆಗುತ್ತವೆ. ಎಳೆದರೆ ಹರಿಯುತ್ತದೆ. ಲಾಳ ಕಿತ್ತು ಹೋಗುವಾಗ ಗೋಡೆಯ ತುಂಡನ್ನೂ ಕೊಂಡೊಯ್ಯುತ್ತದೆ. ಮುಂದಿನ ಸಲ ಮೊಳೆಗೆ ಜಾಗವೇ ಉಳಿದಿರೋದಿಲ್ಲ. ಟಾಂಗಾದಿಂದ ಹೊಟ್ಟೆ ಹೊರೆಯುವವನಿಗೆ ಅಂದಿನಿಂದ ದುಡಿಮೆ ಬಂದ್. ಅದಕ್ಕೇ ಎಷ್ಟೋ ಜನ ನೋವಿರುವ ಕಾಲಲ್ಲೇ ಕುದುರೆ ಹೂಡುತ್ತಾರೆ.

ಮೊಳೆ ಇಲ್ಲದೆ ಗೊರಸು ಕಾಯುವ ಯೋಚನೆ ಹೊಸದಲ್ಲ. ರೋಮನ್ನರು ತಗಡಿನಂತಹ ಕಬ್ಬಿಣದ ಪಾದರಕ್ಷೆಯನ್ನು ಗೊರಸಿಗೆ ಕಟ್ಟುತ್ತಿದ್ದರು. ಫ್ರಾನ್ಸ್, ಜರ್ಮನಿ, ಬ್ರಿಟನ್‌ನ ಉತ್ಖನನಗಳಲ್ಲಿ ಅವು ಸಿಕ್ಕಿವೆ. ಜಪಾನಿನಲ್ಲಿ ಹತ್ತೊಂಬತ್ತನೇ ಶತಮಾನದವರೆಗೂ ಭತ್ತದ ಹುಲ್ಲಿನಿಂದ ಹೆಣೆದ ಜೋಡು ಹಾಕುತ್ತಿದ್ದರು. ಬೇಗ ಸವೆಯುತ್ತಿತ್ತು, ದಾರಿಯಲ್ಲೇ ಬದಲಿಸುತ್ತಿದ್ದರು.

ಇವತ್ತಿನ ರೂಪ ಗೊರಸಿನ ಬೂಟು. 1970ರ ದಶಕದಲ್ಲಿ ಅಮೆರಿಕದಲ್ಲಿ ಈಜಿಬೂಟ್ ಎಂಬ ಹೆಸರಿನಲ್ಲಿ ಬಂದದ್ದು ಆಮೇಲೆ ಹತ್ತಾರು ನಮೂನೆಯಾಯಿತು. ರಬ್ಬರು ಅಥವಾ ಪಾಲಿಯುರೆಥೇನ್ ತಳ, ಮೇಲೆ ಪಟ್ಟಿ, ಬಕಲು. ಕೆಲಸದ ಹೊತ್ತಿಗೆ ಹಾಕಿ ಮನೆಗೆ ಬಂದ ಮೇಲೆ ತೆಗೆಯಬಹುದು, ಗೊರಸಿಗೆ ಗಾಳಿ ಸಿಗುತ್ತದೆ. ಇನ್ನೊಂದು ಲಾಭ ಘರ್ಷಣೆಯದು. ನುಣುಪಾದ ಗಟ್ಟಿ ನೆಲದ ಮೇಲೆ ಕಬ್ಬಿಣ ಜಾರುತ್ತದೆ, ರಬ್ಬರು ಹಿಡಿಯುತ್ತದೆ. ನಮ್ಮದೇ ರಾಜ್ಯದ ಮಾಥೇರಾನ್‌ನಲ್ಲಿ ದಾರಿಗೆ ಪೇವರ್ ಬ್ಲಾಕ್ ಹಾಕಿದಾಗ ಕುದುರೆಗಳು ಜಾರುತ್ತವೆಂದು ಕುದುರೆಯವರು ತಕರಾರು ಎತ್ತಿದ್ದು ನೆನಪಿರಬಹುದು. ಬೂಟಿನ ತೊಂದರೆ ಅಳತೆಯದು. ಸಡಿಲವಿದ್ದರೆ ತಿರುಚಿಕೊಳ್ಳುತ್ತದೆ, ಒಳಗೆ ಹರಳು ಸೇರುತ್ತದೆ. ಬಿಗಿಯಾದರೆ ಹಿಮ್ಮಡಿಯ ಮೇಲಿನ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಗೊರಸು ಕೆತ್ತಿಸಿದ ದಿನವೇ ಉದ್ದ, ಅಗಲ ಎರಡನ್ನೂ ಅಳೆದು ತರಿಸಬೇಕು. ಹಳೆ ಟಾಯರಿನ ತುಂಡನ್ನು ಹಗ್ಗದಿಂದ ಬಿಗಿಯುವ ಉಪಾಯ ಮಾತ್ರ ಬೇಡ. ಹಗ್ಗ ಗೊರಸಿನ ಮೇಲಿನ ಮೃದು ಭಾಗವನ್ನು ಹಿಸುಕಿ ರಕ್ತ ಓಡಾಡದ ಹಾಗೆ ಮಾಡುತ್ತದೆ.

ಎರಡನೇ ದಾರಿ ಅಂಟು. ಹತ್ತನೇ ಇಯತ್ತೆಯಲ್ಲಿ ಪಾಲಿಮರ್ ಹೇಳುವಾಗ ಪಾಲಿಥೀನ್ ಚೀಲದ ಉದಾಹರಣೆ ಕೊಟ್ಟು ನನಗೂ ಬೇಸರ, ಮಕ್ಕಳಿಗೂ ಬೇಸರ. ಇದನ್ನು ಹೇಳಿ ನೋಡಿ. ದಂತವೈದ್ಯರು ಹಲ್ಲಿನ ಸೆಟ್ ಮಾಡಲು ಬಳಸುವ ಅಕ್ರಿಲಿಕ್‌ನ ಬಳಗದ್ದೇ ಒಂದು ಅಂಟಿನಿಂದ ಅಲ್ಯೂಮಿನಿಯಂ ಲಾಳವನ್ನು ಗೋಡೆಗೆ ಅಂಟಿಸುತ್ತಾರೆ. ಸಣ್ಣ ಅಣುಗಳು ಕೈಕೈ ಹಿಡಿದು ಉದ್ದ ಸರಪಳಿಯಾಗುವಾಗ ಶಾಖ ಹೊರಬೀಳುತ್ತದೆ. ಹಾಗಾಗಿ ಒಮ್ಮೆಲೇ ದಪ್ಪಗೆ ಬಳಿದರೆ ತೆಳು ಗೊರಸಿನ ಒಳಗೆ ಬಿಸಿ ತಟ್ಟುತ್ತದೆ. ಗೋಡೆಯನ್ನು ಅರದಿಂದ ಉಜ್ಜಿ ಒರಟು ಮಾಡಬೇಕು, ಜಿಡ್ಡು ತೆಗೆಯಬೇಕು, ಪೂರ್ತಿ ಒಣಗಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಲಾಳ ನಿಲ್ಲೋದಿಲ್ಲ. ಮಳೆಗಾಲದ ಕೊಟ್ಟಿಗೆಯಲ್ಲಿ ಒಣಗಿಸುವುದೇ ದೊಡ್ಡ ಕೆಲಸ.

ಪ್ರಸಿದ್ಧ ಉದಾಹರಣೆ ಬಿಗ್ ಬ್ರೌನ್ ಎಂಬ ಅಮೆರಿಕದ ಪಂದ್ಯದ ಕುದುರೆ. ಗೊರಸಿನ ತೊಂದರೆ ಇದ್ದ ಅವನು 2008ರ ಮೇ ತಿಂಗಳಲ್ಲಿ ಮುಂಗಾಲಿಗೆ ಅಂಟಿಸಿದ ಲಾಳದಲ್ಲೇ ಓಡಿ ಕೆಂಟಕಿ ಡರ್ಬಿ ಗೆದ್ದ, ಎರಡು ವಾರದ ಮೇಲೆ ಪ್ರೀಕ್‌ನೆಸ್ ಕೂಡ ಗೆದ್ದ. ಮೂರನೆಯದಾದ ಬೆಲ್‌ಮಾಂಟ್‌ಗೆ ಮೊದಲು ಎಡ ಮುಂಗಾಲಿನ ಗೊರಸು ಪಕ್ಕದಲ್ಲಿ ಸೀಳಿತು. ಸ್ಟೀಲ್ ತಂತಿಯಿಂದ ಹೊಲಿದರು, ಅಕ್ರಿಲಿಕ್‌ನಿಂದ ಮುಚ್ಚಿದರು. ಆ ಪಂದ್ಯದಲ್ಲಿ ಅವನು ಕಟ್ಟಕಡೆಯವನಾದ. ಸೋಲಿಗೆ ಗೊರಸೇ ಕಾರಣವೆಂದು ಹೇಳಲು ಬರೋದಿಲ್ಲ. ಆದರೆ ಕೆಟ್ಟ ಗೊರಸಿನ ಕುದುರೆಯೂ ಮೊಳೆಯಿಲ್ಲದೆ ಪೂರ್ಣ ವೇಗದಲ್ಲಿ ಓಡಬಲ್ಲದು ಎನ್ನುವುದಕ್ಕೆ ಮೊದಲ ಎರಡು ಗೆಲುವು ಸಾಕು. ನಾಗಾಲೋಟದಲ್ಲಿ ಒಂದೊಂದು ಕಾಲಿನ ಮೇಲೆ ದೇಹದ ತೂಕದ ಎರಡು ಪಟ್ಟಿಗೂ ಮೀರಿದ ಬಲ ಬೀಳುತ್ತದೆ, ಅದನ್ನೆಲ್ಲ ಆ ಅಂಟಿನ ತೆಳು ಪದರವೇ ಹಿಡಿದುಕೊಂಡಿತ್ತು.

ಮುರಿದ ಕೈಗೆ ಈಗ ಆಸ್ಪತ್ರೆಯಲ್ಲಿ ಸುತ್ತುವ ಫೈಬರ್‌ಗ್ಲಾಸ್ ಪಟ್ಟಿ ಇದೆಯಲ್ಲ, ನೀರಲ್ಲಿ ಅದ್ದಿದರೆ ಗಟ್ಟಿಯಾಗುವಂಥದ್ದು, ಅದನ್ನೇ ಗೊರಸಿಗೆ ಸುತ್ತುವ ಪದ್ಧತಿಯೂ ಇದೆ. ಕೆಲವು ವಾರದ ಮಟ್ಟಿಗೆ ಗೋಡೆಗೆ ಆಸರೆ ಸಿಗುತ್ತದೆ. ಸುತ್ತುವುದು ಗೊರಸಿಗೆ ಮಾತ್ರ, ಮೇಲಿನ ರೋಮದ ಗೆರೆ ದಾಟಬಾರದು.

ನನ್ನ ದೃಷ್ಟಿಯಲ್ಲಿ ಇವೆಲ್ಲ ಸಮಯ ಕೊಳ್ಳುವ ಉಪಾಯಗಳು. ಹಾಳಾದ ಗೋಡೆ ರಿಪೇರಿ ಆಗೋದಿಲ್ಲ, ಮೇಲಿನಿಂದ ಹೊಸದು ಇಳಿದು ಬರಬೇಕು. ಗೊರಸಿನ ಮುಂಭಾಗ ಮೇಲಿಂದ ನೆಲದವರೆಗೆ ಹೊಸದಾಗಲು 9ರಿಂದ 12 ತಿಂಗಳು ಬೇಕು. ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್‌ನ ಪರಿಣಾಮವೂ ಇದೇ ಲೆಕ್ಕದಲ್ಲಿ ಬರುತ್ತದೆ. ಲಿಪಿಜಾನರ್ ತಳಿಯ ಕುದುರೆಗಳಿಗೆ ದಿನಕ್ಕೆ 20 ಮಿಲಿಗ್ರಾಂ ಕೊಟ್ಟು ನೋಡಿದ, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೊರಸು ಸುಧಾರಿಸಿದ್ದು ಕಾಣಲು ಸುಮಾರು 9 ತಿಂಗಳು ಹಿಡಿಯಿತು. ಎರಡು ತಿಂಗಳು ಕೊಟ್ಟು "ಏನೂ ಆಗ್ಲಿಲ್ರಿ" ಅಂತ ಬಿಟ್ಟವರು ಹೊಸ ಗೋಡೆ ನೆಲ ಮುಟ್ಟುವ ಮೊದಲೇ ಬಿಟ್ಟಂತೆ.

ಬರಿಗಾಲಲ್ಲೇ ಬಿಡೋದೂ ಒಂದು ದಾರಿಯೇ. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಗ್ರೀಸಿನ ಜೆನೊಫನ್, ಕುದುರೆ ನಿಲ್ಲುವ ಅಂಗಳಕ್ಕೆ ದುಂಡುಗಲ್ಲು ಹರಡಿ ಗೊರಸು ಗಟ್ಟಿ ಮಾಡಿ ಎಂದು ಬರೆದಿದ್ದ. ಮೆತ್ತನೆ ಮಣ್ಣಿನಲ್ಲಿ ಹಗುರ ಕೆಲಸದ ಕುದುರೆಗೆ ಇದು ಸಾಗುತ್ತದೆ. ದಿನವಿಡೀ ಡಾಂಬರಿನ ಮೇಲೆ ಗಾಡಿ ಎಳೆಯುವ ಕುದುರೆಗೆ ಸವೆತ ಬೆಳವಣಿಗೆಯನ್ನು ಮೀರುತ್ತದೆ, ತಳ ತೆಳ್ಳಗಾಗುತ್ತದೆ. ಲಾಳ ತೆಗೆದ ಮೊದಲ ಕೆಲ ತಿಂಗಳು ಬೂಟು ಹಾಕಿಯೇ ದುಡಿಸಬೇಕು, ನಾಲ್ಕೈದು ವಾರಕ್ಕೊಮ್ಮೆ ಅಂಚು ದುಂಡಗೆ ಕೆತ್ತಿಸಬೇಕು. ಗೊರಸು ಮುಟ್ಟಿದರೆ ಬಿಸಿ ಇದ್ದು, ಕುದುರೆ ಮುಂಗಾಲು ಮುಂದೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಂತಿದ್ದರೆ ಅದು ಲಾಳದ ಮಾತಲ್ಲ, ಗೊರಸಿನ ಒಳಪದರದ ಉರಿಯೂತ ಇರಬಹುದು. ಅವತ್ತೇ ಪಶುವೈದ್ಯರನ್ನು ಕರೆಸಬೇಕು.