ಕಾಯಿಲೆಗೆ ಏಪ್ರಿಲ್, ಮೇ ರಜೆ ಇಲ್ಲ

ಆನೆಗೊಂದಿಗೆ ಹೋದವರು ಏನು ನೋಡ್ತಾರೆ? ಅಂಜನಾದ್ರಿ ಬೆಟ್ಟ, ಪಂಪಾ ಸರೋವರ, ಗಗನ ಮಹಲು, ನವವೃಂದಾವನ. ಹೊಳೆ ದಾಟಿದರೆ ಹಂಪಿ. ನಾನೂ ಅಷ್ಟೇ ನೋಡಿಕೊಂಡು ಬಂದಿದ್ದವನು. ಈ ಸಲ ಆ ಭಾಗದ ಒಂದು ಸರ್ಕಾರಿ ಶಾಲೆಯ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತಿದ್ದೆ. ಬೆಟ್ಟ ಹತ್ತಿದ್ದಕ್ಕಿಂತ ಜಾಸ್ತಿ ಸುಸ್ತಾಯ್ತು. ಯಾಕೆ ಅಂತ ಹೇಳ್ತೀನಿ, ಕೇಳಿ.

ಒಂದೇ ಮೇಜಿನ ಆ ಕಡೆ ಈ ಕಡೆ ಇಬ್ಬರು ಶಿಕ್ಷಕಿಯರು. ಒಬ್ಬರು ಕಾಯಂ, ಇನ್ನೊಬ್ಬರು ಅತಿಥಿ. ಮಕ್ಕಳು ಅವೇ, ಪುಸ್ತಕ ಅದೇ, ಸೀಮೆಸುಣ್ಣದ ಡಬ್ಬಿಯೂ ಅದೇ. ಅತಿಥಿ ಶಿಕ್ಷಕಿ ಹೇಳಿದ್ದು ಇಷ್ಟು: "ಡಿಸೆಂಬರ್‌ನ್ಯಾಗ ಹೊಟ್ಟಿನೋವು ಶುರುವಾತ್ರಿ ಸರ್. ಪಿತ್ತಕೋಶದಾಗ ಕಲ್ಲು ಅಂದ್ರು. ಸಾಲಿ ಬಿಟ್ಟು ಹೋದ್ರ ರೊಕ್ಕ ಹೋಗ್ತೈತಿ. ಏಪ್ರಿಲ್‌ನ್ಯಾಗ ಆಪರೇಷನ್ ಮಾಡಿಸಿಕೊಂಡ್ರಾತು ಅಂತ ತಡಕೊಂಡೆ. ಏಪ್ರಿಲ್‌ನ್ಯಾಗ ಪಗಾರನ ಇರಂಗಿಲ್ಲಲ್ರಿ!" ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. 2025ರ ಅಕ್ಟೋಬರ್ 1ರಿಂದ ರಾಜ್ಯ ಸರ್ಕಾರಿ ನೌಕರರಿಗೆ 'ಕರ್ನಾಟಕ ಆರೋಗ್ಯ ಸಂಜೀವಿನಿ' ಜಾರಿಗೆ ಬಂತು. ನೌಕರರಿಗೆ, ಅವರ ಅವಲಂಬಿತರಿಗೆ ನಗದುರಹಿತ ಚಿಕಿತ್ಸೆ. ತಿಂಗಳ ವಂತಿಗೆ ಎಷ್ಟು? ಗ್ರೂಪ್ ಎ 1,000 ರೂಪಾಯಿ, ಬಿ 500, ಸಿ 350, ಡಿ 250. ಪ್ರಾಥಮಿಕ ಶಾಲೆಯ ಕಾಯಂ ಮೇಷ್ಟ್ರು ಗ್ರೂಪ್ ಸಿ. ಅಂದರೆ 350 ರೂಪಾಯಿಗೆ ಇಡೀ ಮನೆಗೆ ನೆರಳು. ಒಳ್ಳೇದೇ, ಯಾರೂ ಹೊಟ್ಟೆ ಉರಿದುಕೊಳ್ಳಬೇಕಾಗಿಲ್ಲ.

ಮೇಜಿನ ಈ ಕಡೆ? ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ಇದ್ದ 10,000 ರೂಪಾಯಿ, 2025ರ ಬಜೆಟ್ಟಿನಲ್ಲಿ 2,000 ಸೇರಿ 12,000 ಆಯ್ತು. ಪ್ರೌಢಶಾಲೆಯಲ್ಲಿ 12,500. ಅದಕ್ಕೆ ಸಂಬಳ ಅನ್ನೋ ಹಾಗಿಲ್ಲ, 'ಗೌರವಧನ' ಅನ್ನಬೇಕು. ಎಂಥಾ ಚಂದದ ಪದ ನೋಡಿ! ಅದರಲ್ಲಿ ಗೌರವವೂ ಇದೆ, ಧನವೂ ಇದೆ. ಆದರೆ ಗೌರವಧನ ಪಡೆಯುವವರು ಸರ್ಕಾರಿ ನೌಕರರಲ್ಲ. ನೌಕರರಲ್ಲ ಅಂದಮೇಲೆ ಸಂಜೀವಿನಿಯ ಬಾಗಿಲು ಬಂದ್.

ಬಡವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆಯಲ್ಲ ಅಂತೀರಿ. ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳು, ತಿಂಗಳಿಗೆ 12,000. ಗುಣಿಸಿ ನೋಡಿ, ಸರಿಯಾಗಿ 1.20 ಲಕ್ಷ! ಗಂಡ ಬಾಳೆತೋಟದಲ್ಲಿ ನಾಲ್ಕು ದಿನ ಕೂಲಿ ಮಾಡಿದರೂ ಗೆರೆ ದಾಟಿದ ಹಾಗೆ. ದಾಟಿದರೆ ಎಪಿಎಲ್. ಆಗ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.50 ಲಕ್ಷದ ಮಿತಿಯೊಳಗೆ. ಮಿಕ್ಕ 70 ಪಾಲು ಯಾರು ಕೊಡಬೇಕು?

ಸರ್ಕಾರಿ ಆಸ್ಪತ್ರೆ ಇಲ್ವಾ? ಗಂಗಾವತಿಯಲ್ಲಿದೆ, ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿ ಆಗೋದು ಅಲ್ಲೇ ಆಗಲಿ. ಆದರೆ ಹೃದಯವೋ ಕಿಡ್ನಿಯೋ ಕೈಕೊಟ್ಟು ಹುಬ್ಬಳ್ಳಿ, ಬೆಂಗಳೂರಿಗೆ ಓಡಬೇಕಾದಾಗ ವಿಮೆ ಇಲ್ಲದವರು ಬಡ್ಡಿ ಸಾಲಕ್ಕೇ ಕೈಚಾಚಬೇಕು.

ಇನ್ನೊಂದು ಹೋಲಿಕೆ ಕೊಡ್ತೀನಿ. ಗಾರ್ಮೆಂಟ್ಸ್‌ನಲ್ಲಿ 12,000 ದುಡಿಯುವ ಹೆಣ್ಣುಮಗಳಿಗೆ ಇಎಸ್‌ಐ ಇದೆ. ಅವಳ ಪಾಲು ಶೇ. 0.75, ಅಂದರೆ 90 ರೂಪಾಯಿ. ಮಾಲೀಕರ ಪಾಲು ಶೇ. 3.25, ಅಂದರೆ 390. ಒಟ್ಟು 480 ರೂಪಾಯಿಗೆ ಮನೆಮಂದಿಗೆ ಚಿಕಿತ್ಸೆ, ಕಾಯಿಲೆ ರಜೆಗೂ ದುಡ್ಡು, ಹೆರಿಗೆಗೆ 26 ವಾರದ ವೇತನ. ಬಟ್ಟೆ ಹೊಲಿಯುವವರಿಗೆ ಇರೋದು ಅಕ್ಷರ ಕಲಿಸುವವರಿಗೆ ಯಾಕಿಲ್ಲ?

ಆಗಲ್ಲ ಅನ್ನಬೇಡಿ, ದಾರಿ ಆಗಲೇ ತೋರಿಸಿದ್ದಾರೆ. 2023ರ ನವೆಂಬರ್‌ನಲ್ಲಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಪಾಠ ನಿಲ್ಲಿಸಿ ಬೀದಿಗೆ ಬಂದರು. ಕೇಳಿದ್ದು ಸೇವಾ ಕಾಯಮಾತಿ. ಅದು ಸಿಗಲಿಲ್ಲ. ಆದರೆ ಮಾತುಕತೆಯಲ್ಲಿ ಸರ್ಕಾರ ಗೌರವಧನ ಹೆಚ್ಚಿಸಿತು, 60 ವರ್ಷ ತುಂಬಿದವರಿಗೆ 5 ಲಕ್ಷದ ಇಡಗಂಟು ಅಂತು, ತಿಂಗಳಿಗೆ 400 ರೂಪಾಯಿ ವಂತಿಗೆಯ ಮೇಲೆ ವರ್ಷಕ್ಕೆ 5 ಲಕ್ಷದ ಆರೋಗ್ಯ ವಿಮೆ ಘೋಷಿಸಿತು. ಕಾಲೇಜಿನ ಅತಿಥಿಗೆ ಒಪ್ಪಿದ ಮಾತು ಶಾಲೆಯ ಅತಿಥಿಗೆ ಯಾಕೆ ಅನ್ವಯಿಸಬಾರದು?

ಬೇರೆ ಕಡೆ ಶಿಕ್ಷಕರು ವಿಮೆಯನ್ನೇ ಮುಂದಿಟ್ಟುಕೊಂಡು ಚೌಕಾಸಿ ಮಾಡ್ತಾರೆ. 2018ರ ಫೆಬ್ರವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ 55 ಕೌಂಟಿಗಳಲ್ಲೂ ಶಾಲೆ ಮುಚ್ಚಿತು. ಕಡಿಮೆ ಸಂಬಳದ ಜೊತೆಗೆ ದೊಡ್ಡ ಸಿಟ್ಟು ಇದ್ದದ್ದು ಏರುತ್ತಿದ್ದ ವಿಮಾ ವೆಚ್ಚದ ಮೇಲೆ. ನಮ್ಮಲ್ಲೂ 2025ರ ಆಗಸ್ಟ್‌ನಲ್ಲಿ, ಗುಜರಾತಿನ ಗುತ್ತಿಗೆ ಪ್ರಾಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗುರುವನ್ನು ಬ್ರಹ್ಮ, ವಿಷ್ಣು ಅಂತ ಸಭೆಯಲ್ಲಿ ಹೊಗಳಿದರೆ ಸಾಲದು, ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಅನ್ನುವ ಅರ್ಥದಲ್ಲೇ ಚುಚ್ಚಿತು.

ಆದರೆ ಒಂದು ಎಚ್ಚರ. ವಿಮೆ ಕೊಟ್ಟರೂ ಅದನ್ನು ಹತ್ತು ತಿಂಗಳ ಗುತ್ತಿಗೆಗೆ ಗಂಟು ಹಾಕಿದರೆ ಪ್ರಯೋಜನ ಇಲ್ಲ. ಮಾರ್ಚ್ ಮುಗಿದ ಕೂಡಲೇ ಅತಿಥಿ ಯಾರೂ ಅಲ್ಲ, ಜೂನ್‌ನಲ್ಲಿ ಮತ್ತೆ ಹೊಸಬ. ನಡುವಿನ ಎರಡು ತಿಂಗಳು? ಪಿತ್ತಕೋಶದ ಕಲ್ಲಿಗೆ ಬೇಸಿಗೆ ರಜೆ ಗೊತ್ತಾಗಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು ಇದು: ಗೌರವಧನ ಹತ್ತು ತಿಂಗಳದ್ದಾದರೂ ವಿಮೆ ಹನ್ನೆರಡು ತಿಂಗಳದ್ದಿರಲಿ. 400ರಂತೆ ವರ್ಷಕ್ಕೆ 4,800 ರೂಪಾಯಿ. ಆ ಶಿಕ್ಷಕಿಯನ್ನೇ ಕೇಳಿದೆ, ಕೊಡ್ತೀರಾ ಅಂತ. "ಕೊಡ್ತೀನ್ರಿ ಸರ್, ಪುಕ್ಕಟ ಯಾರು ಕೇಳ್ಯಾರ?" ಅಂದರು.

ಅಷ್ಟೊತ್ತಿಗೆ ಗಂಟೆ ಬಾರಿಸಿತು. ಇಬ್ಬರೂ ಎದ್ದು ತಮ್ಮ ತಮ್ಮ ತರಗತಿಗೆ ಹೋದರು. ಇಬ್ಬರೂ ಮಾಡಿದ್ದು ಪಾಠವೇ.